ತಾಮ್ರಸಂಚಯರೋಗವೂ ಸ್ಮೃತಿಮಾಂದ್ಯವೂ

ಉಂಡ ಅನ್ನವು ದೇಹದಲ್ಲಿ ಪರಿಣಮಿಸುವ ಕ್ರಮದಲ್ಲಿ ಜನ್ಮತಃ ಲೋಪವುಂಟಾದರೆ ಅದರ ಫಲವು ಬುದ್ಧಿಯಲ್ಲಿಯೂ ತೋರುವುದೆಂಬುದಕ್ಕೆ ವಿಲ್ಸನ್ ರೋಗವು ನಿದರ್ಶನವಾಗಿದೆ. ಲಂಡನ್ನಿನ ವೈದ್ಯನಾದ ಕಿನ್ನಿಯರ್ ವಿಲ್ಸನ್ನನು ಇದನ್ನು 1912ರಲ್ಲಿ ವಿವರಿಸಿದನು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ರೋಗಿಗಳ ವೃತ್ತಾಂತವನ್ನು 2007ರಲ್ಲಿ ಪ್ರಕಟಿಸಿರುವರಾದುದರಿಂದ ಇದು ನಮ್ಮ ನಾಡಿಗೆ ಹೊರತಾದುದಲ್ಲ.

ಅನ್ನದೊಡನೆ ನಿತ್ಯವೂ ಅಲ್ಪಪ್ರಮಾಣದ ತಾಮ್ರವು ದೇಹವನ್ನು ಸೇರುವುದು. ಹೆಚ್ಚಾದುದನ್ನು ಯಕೃತ್ತು ಪಿತ್ತರಸದ ಮೂಲಕ ಹೊರಹಾಕುವುದು. 1993ರಲ್ಲಿ ಗುರುತಿಸಲ್ಪಟ್ಟ ಎಟಿಪಿ7ಬಿ ಎಂಬ ಜೀನು ಕೆಟ್ಟವರಲ್ಲಿ ಈ ವಿಸರ್ಜನೆಯು ನಡೆಯದೆ, ತಾಮ್ರವು ಮೊದಲು ಯಕೃತ್ತಿನಲ್ಲಿಯೂ ಅನಂತರ ಮಿದುಳಿನ ಅಂತರ್ಭಾಗದಲ್ಲಿಯೂ ಸಂಚಯವಾಗುವುದು. ಕಣ್ಣಿನ ಕರಿಗುಡ್ಡೆಯ ಅಂಚಿನಲ್ಲಿ ಹಸುರುಗಂದು ಬಳೆಯಂಥ ರೇಖೆಯು ಹಲವರಲ್ಲಿ ಕಾಣುವುದು. ತಾಮ್ರದ ಪಾತ್ರೆಗಳು ರೋಗಕ್ಕೆ ಕಾರಣಗಳಲ್ಲ. ಆದರೂ ಅವುಗಳಲ್ಲಿಟ್ಟ ನೀರನ್ನು ರೋಗಿಯು ವರ್ಜಿಸತಕ್ಕದ್ದು.

ಸಂಸ್ಕಾರಮಾತ್ರದಿಂದ ಜನಿಸುವ ಜ್ಞಾನವೇ ಸ್ಮೃತಿಯೆಂದು ನೈಯಾಯಿಕರ ಮತ. ಸಂಸ್ಕಾರವಿದ್ದರೂ ಉದ್ಬೋಧಕವಿಲ್ಲದೆ ಸ್ಮರಣೆಯು ಹುಟ್ಟದು. ಈ ವಿವೇಕವು ಇಲ್ಲಿ ಉಪಯುಕ್ತವಾಗಿದೆ. ಮಿದುಳಿನ ಅಂತರ್ಭಾಗವು ಕೆಟ್ಟಾಗ ಕಲಿತುದು ಅಳಿದುಹೋಗುವುದಕ್ಕಿಂತ ಅದನ್ನು ಬೇಕಾದಾಗ ಎತ್ತಿ ತರುವ ಶಕ್ತಿಯೇ ಹೆಚ್ಚಾಗಿ ಕುಗ್ಗುವುದು; ಸೂಚನೆ ಕೊಟ್ಟರೆ ಎಷ್ಟೋ ವೇಳೆ ನೆನಪು ಬರುವುದು. ಇದರೊಡನೆ ಆಲೋಚನೆಯ ಮಂದಗತಿ, ಅವಧಾನಭಂಗ, ಕಾರ್ಯಕ್ರಮವನ್ನು ಯೋಜಿಸಲಾರದಿರುವಿಕೆ, ಕೋಪ ಮುಂತಾದುವು ತೋರಬಹುದು. ಚೆನ್ನಾಗಿ ಓದುತ್ತಿದ್ದ ಬಾಲಕನು ಹಿಂದುಳಿದು, ಅವನ ಅಕ್ಷರವು ಕೆಟ್ಟು, ಮಾತು ತೊದಲಿದರೆ ಅದನ್ನು ಸೋಮಾರಿತನವೆಂದೋ ಗಾಳಿಯ ಸೋಂಕೆಂದೋ ಬಗೆದು ಕಾಲಹರಣ ಮಾಡುವುದು ಅನರ್ಥಕರವು.

ತಂದೆತಾಯಿಗಳಿಬ್ಬರೂ ದುಷ್ಟಬೀಜಾಂಶವೊಂದನ್ನು ಧರಿಸಿದ್ದರೆ ಪ್ರತಿಯೊಂದು ಶಿಶುವಿಗೂ ರೋಗವು ಬರುವ ಸಂಭವವು ನಾಲ್ಕರಲ್ಲೊಂದು ಪಾಲು. ಕೊಪ್ಪಳ ಸೀಮೆಯ ಮಂಗಳೂರು, ಯಲಬುರ್ಗಾ, ಕುಷ್ಟಗಿ ಮೊದಲಾದೆಡೆಗಳಲ್ಲಿ, ನಾಡಿನ ಇತರ ಭಾಗಗಳಂತೆಯೇ, ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ವಾಡಿಕೆಯುಂಟು. ಒಂದೇ ಮನೆತನದ ಬೀಜಾಂಶವು ಎರಡು ಕಡೆಯಿಂದಲೂ ಕೂಡುವುದಕ್ಕೆ ಅಲ್ಲಿ ಅವಕಾಶವು ಹೆಚ್ಚು.

ಆದರೆ ಈ ರೋಗವು ಅಸಾಧ್ಯವಲ್ಲ. 1956ರಲ್ಲಿ ವಾಲ್ಷ್ ಎಂಬ ವೈದ್ಯನು ಪೆನಿಸಿಲಮೈನ್ ಔಷಧವನ್ನು ಬಳಕೆಗೆ ತಂದನು. ಅದು ತಾಮ್ರವನ್ನು ಮೂತ್ರದ್ವಾರಾ ಹೊರಡಿಸುವುದು. ಸತುವಿನ ಲವಣಗಳು ಕರುಳಿನಲ್ಲಿ ತಾಮ್ರದ ಹೀರಿಕೆಯನ್ನು ತಡೆಯುವುವು. ಚಿಕಿತ್ಸೆಯು ಆಜೀವಪರ್ಯಂತವಾದುದು, ಗುಣವಾಯಿತೆಂದು ನಿಲ್ಲಿಸಿದರೆ ಪ್ರಾಣಾಪಾಯವುಂಟು. ಒಬ್ಬನಲ್ಲಿ ರೋಗವು ನಿಶ್ಚಿತವಾದೊಡನೆ ಅವನ ಒಡಹುಟ್ಟಿದವರೆಲ್ಲರನ್ನೂ, ಅವರು ಆರೋಗ್ಯವಂತರಾಗಿ ತೋರಿದರೂ, ಪರೀಕ್ಷೆಗೆ ಒಳಪಡಿಸತಕ್ಕದ್ದು. ಲಕ್ಷಣಗಳು ಹುಟ್ಟುವ ಮೊದಲೇ ಔಷಧವನ್ನಾರಂಭಿಸಿದವರ ಬುದ್ಧಿಯನ್ನು ಉಳಿಸಿಕೊಳ್ಳಬಹುದು. ಕೆಟ್ಟ ಮೇಲೆ ಅದನ್ನು ಪೂರ್ಣವಾಗಿ ಮರಳಿ ತರುವುದು ಎಲ್ಲರಲ್ಲಿಯೂ ಸಾಧ್ಯವಾಗದು.