ಸಮುದ್ರದ ನಕ್ಷೆಯ ಕೆಂಪು ಬಣ್ಣ ಏನ್ ಹೇಳ್ತೈತಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಮಂದೀನೂ ಈಗ ಮಳಿಗಾಲ ಬಂತಂದ್ರ ಮೊಬೈಲ್‌ನ್ಯಾಗ ಸಮುದ್ರದ ನಕ್ಷೆ ತಗೀತಾರ. ಅಲ್ಲಿ ಕೆಂಪು ಕಂಡ್ರ ನೀರು ಕಾದೈತಿ ಅಂತ ತಿಳ್ಕೋಬ್ಯಾಡ್ರಿ. ಅದೇ ಜಾಗಾದಾಗ, ವರ್ಷದ ಇದೇ ಹೊತ್ತಿನ್ಯಾಗ, ಸಾಮಾನ್ಯವಾಗಿ ಮೂವತ್ತು ವರ್ಷದ ಸರಾಸರಿಗಿಂತ ಇವತ್ತು ನೀರಿನ ಬಿಸಿ ಎಷ್ಟು ಹೆಚ್ಚು-ಕಡಿಮಿ ಅನ್ನೋ ಲೆಕ್ಕ ಅದು. ಸರಾಸರಿ 26 ಡಿಗ್ರಿ ಇರೋ ಕಡೆ 27 ಆದ್ರ ಕೆಂಪು. 29 ಇರೋ ಕಡೆ 28 ಆದ್ರ ನೀಲಿ. ನೋಡ್ರಿ, ಇಲ್ಲಿ ನೀಲಿ ನೀರೇ ಹೆಚ್ಚು ಬಿಸಿ!

ಮೊದ್ಲ ಪೆಸಿಫಿಕ್ ಕಡೆ ಹೋಗ್ರಿ. ಸಮಭಾಜಕ ವೃತ್ತದ ಗುಂಟ ಅದರ ನಡುಭಾಗ ತಿಂಗಳುಗಟ್ಟಲೆ ಸರಾಸರಿಗಿಂತ ಅರ್ಧ ಡಿಗ್ರಿ ಮ್ಯಾಲಿದ್ರ ಎಲ್ ನಿನೊ. 2023ರಾಗ ಹಂಗ ಆತು. ಮಳಿ ಕೈಕೊಟ್ಟು, ರಾಜ್ಯದ 236 ತಾಲೂಕಿನ್ಯಾಗ 223 ಬರಪೀಡಿತ ಅಂತ ಸರ್ಕಾರ ಘೋಷಿಸ್ತು.

ಆದ್ರ 1997ರಾಗ ಎಲ್ ನಿನೊ ಭಾರೀ ಇದ್ರೂ ದೇಶದ ಮುಂಗಾರು ಕೈಕೊಡಲಿಲ್ಲ. ಹಿಂದೂ ಮಹಾಸಾಗರದ ಪಶ್ಚಿಮಕ್ಕ ಕೆಂಪು, ಇಂಡೊನೇಷ್ಯಾ ಕಡೆ ನೀಲಿ. ಆ ಜೋಡಿ ಮುಂಗಾರಿಗೆ ಬಲ ಕೊಟ್ಟಿತು. ಅದಕ್ಕ ಎರಡೂ ಸಾಗರ ನೋಡ್ರಿ.

ನಾಳೆ ಬಿತ್ತಬೇಕೋ ಬ್ಯಾಡೋ ಅನ್ನೋದು ಈ ನಕ್ಷೆಯಿಂದ ತಿಳಿಯಂಗಿಲ್ಲ. ಅದಕ್ಕ ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆ ಬ್ಯಾರೇನ ಐತಿ.