ಮೀನೆಣ್ಣೆಯ ಮೂಲ

ನಮ್ಮ ಸೇಡಂ, ಚಿತ್ತಾಪುರಗಳ ಮನೆಗಳಲ್ಲಿ ರೊಟ್ಟಿಗೆ ಅಗಸೆಹಿಂಡಿ ಬೇಕೇ ಬೇಕು. ಅದರ ಒಮೇಗಾ-3 ಸ್ನೇಹಾಮ್ಲವನ್ನು (ಸ್ನೇಹವೆಂದರೆ ಸಂಸ್ಕೃತದಲ್ಲಿ ಎಣ್ಣೆಯೂ ಹೌದು) ಶರೀರವು ತಾನೇ ನಿರ್ಮಿಸಲಾರದು. ಅದರಲ್ಲಿ 18 ಇಂಗಾಲದ ಪರಮಾಣುಗಳುಂಟು. ಮಿದುಳಿಗೂ ಕಣ್ಣಿಗೂ ಬೇಕಾದ ಡಿ.ಎಚ್.ಎ.ಯಲ್ಲಾದರೋ 22. ಅಗಸೆಯಿಂದ ಶರೀರವು ಇದನ್ನು ಅತ್ಯಲ್ಪವಾಗಿ ಮಾತ್ರ ಮಾಡಿಕೊಳ್ಳಬಲ್ಲುದು.

ಗರ್ಭಿಣಿಯಾದ ನನ್ನ ಮಗಳಿಗೆ ವೈದ್ಯರು ಮೀನೆಣ್ಣೆಯ ಗುಳಿಗೆ ಹೇಳಿದಾಗ ಮನೆಯಲ್ಲಿ ದೊಡ್ಡ ಗೊಂದಲವೆದ್ದಿತು. ಆದರೆ ವಾಚಕರೇ, ಆ ಎಣ್ಣೆಯ ಮೂಲಕರ್ತೃ ಮೀನಲ್ಲ! ಮಳೆಗಾಲದಲ್ಲಿ ಮಂಗಳೂರಿನ ಕಡಲಾಳದ ತಣ್ಣೀರು ಲವಣಸಾರವನ್ನು ಹೊತ್ತು ಮೇಲೇರುವುದು. ಬೆಳಕು ತಾಗಲು ಡಯಾಟಮ್ ಮೊದಲಾದ ಏಕಕೋಶ ಪಾಚಿಗಳು ಹಬ್ಬಿ ಈ ದೀರ್ಘ ಸ್ನೇಹಾಮ್ಲಗಳನ್ನು ರಚಿಸುವುವು. ಅವುಗಳನ್ನೂ, ಅವುಗಳನ್ನುಂಡ ಸೂಕ್ಷ್ಮಜಂತುಗಳನ್ನೂ ಬೂತಾಯಿ ಮೀನು ತಿಂದು ಕೊಬ್ಬಾಗಿ ಕೂಡಿಡುವುದು.

ಪಾಚಿಯಿಂದಲೇ ತೆಗೆದ ಎಣ್ಣೆಯೂ ಈಗ ದೊರೆಯುವುದು. ವೈದ್ಯರನ್ನು ಕೇಳಿ ಮಗಳು ಅದನ್ನೇ ಸೇವಿಸಿದಳು, ಅಗಸೆಹಿಂಡಿಯನ್ನೂ ಬಿಡಲಿಲ್ಲ.