ಜೆಸಿಬಿ ಬಕೆಟ್ ಇಳಿಯುವ ಮುನ್ನ: ಮನೆ ಸುತ್ತ ಹೂತಿರುವ ಲೈನ್‌ಗಳ ಲೆಕ್ಕ ನಿಮ್ಮ ಹತ್ತಿರ ಇದೆಯಾ?

ಹೋದ ಬೇಸಿಗೆಯಲ್ಲಿ ತೋಟದ ಮನೆ ಹಿಂದೆ ಡ್ರಿಪ್ ಮೇನ್ ಲೈನ್ ಎಳೆಸೋಕೆ ಜೆಸಿಬಿ ಕರೆಸಿದ್ದೆ. ಗಂಟೆ ಲೆಕ್ಕದ ಬಾಡಿಗೆ, ಹಾಗಾಗಿ ನನಗೆ ಆತುರ. "ಅಣ್ಣಾ, ಕೆಳಗಡೆ ಏನಾದ್ರೂ ಲೈನ್ ಇದ್ಯಾ?" ಅಂತ ಆಪರೇಟರ್ ಕೇಳಿದ. "ಏನೂ ಇಲ್ಲ, ಹೊಡಿ" ಅಂದೆ. ಹತ್ತು ನಿಮಿಷ ಆಗಿರಲಿಲ್ಲ, ಬಕೆಟ್ ಹಲ್ಲಿಗೆ ಸಿಕ್ಕಿಕೊಂಡು ಕಪ್ಪು ಕೇಬಲ್ ಮೇಲೆ ಬಂತು. ನಮ್ಮದೇ ಬೋರ್ ಮೋಟರಿನ ಕೇಬಲ್. ಹದಿನೈದು ವರ್ಷದ ಹಿಂದೆ ಅಪ್ಪ ಹೂಳಿಸಿದ್ದು. ಒಂದೂವರೆ ಅಡಿ ಆಳ, ಮೇಲೆ ಪೈಪ್ ಕೂಡ ಇಲ್ಲ.

ಆ ಹೊತ್ತಿನಲ್ಲಿ ತ್ರೀಫೇಸ್ ಇರಲಿಲ್ಲ. ಕೆಲಸದ ಹುಡುಗ ಗುಂಡಿಗಿಳಿದು ಕೇಬಲ್ ಎತ್ತೋಕೆ ಹೊರಟ. ಕೊಟ್ಟಿಗೆಯಿಂದ ಓಡಿ ಬಂದ ಅಪ್ಪ ಅವನನ್ನು ಗದರಿ ನಿಲ್ಲಿಸಿದರು. ಪಂಪ್‌ಹೌಸಿಗೆ ಹೋಗಿ ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡರು. "ಕರೆಂಟೇ ಇಲ್ವಲ್ಲಪ್ಪ" ಅಂತ ನಾನು ನಕ್ಕೆ. ಇಪ್ಪತ್ತು ನಿಮಿಷಕ್ಕೆ ಪಕ್ಕದ ತೋಟದ ಮೋಟರ್ ಸದ್ದು ಕೇಳಿಸಿತು. ಹೇಳದೆ ಕೇಳದೆ ತ್ರೀಫೇಸ್ ಬಂದಿತ್ತು. ನಮ್ಮ ಸ್ಟಾರ್ಟರ್ ಕೂಡ ಆಟೋದಲ್ಲೇ ಇತ್ತು. ಆ ಹುಡುಗನ ಕೈ ಕೇಬಲ್ ಮೇಲಿದ್ದಿದ್ದರೆ ಏನಾಗ್ತಿತ್ತು ಅಂತ ಈಗಲೂ ಯೋಚನೆ ಬರುತ್ತೆ.

ಅವತ್ತಿನಿಂದ ಕಲಿತದ್ದನ್ನು ಈ ವಾರ ಬರೆದಿದ್ದೇನೆ. ನೆಲ ನಮ್ಮದೇ ಇರಬಹುದು, ಅದರೊಳಗೆ ಇರೋದೆಲ್ಲ ನಮಗೆ ಗೊತ್ತಿರಲ್ಲ.

ಯಾವ ಲೈನ್ ಎಷ್ಟು ಆಳದಲ್ಲಿ?

ಒಂದೊಂದು ಲೈನಿಗೂ ಒಂದೊಂದು ಲೆಕ್ಕ ಇದೆ. ಅಂದಾಜು ಇರಲಿ ಅಂತ ಕೆಳಗೆ ಕೊಟ್ಟಿದ್ದೇನೆ.

* ವಿದ್ಯುತ್ ಕೇಬಲ್: ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಮನೆಗೆ ಬರುವ ಎಲ್‌ಟಿ ಕೇಬಲ್ 75 ಸೆಂ.ಮೀ. (ಎರಡೂವರೆ ಅಡಿ), 11 ಕೆವಿ ಕೇಬಲ್ 90 ಸೆಂ.ಮೀ. (ಮೂರು ಅಡಿ), 33 ಕೆವಿ ಕೇಬಲ್ 105 ಸೆಂ.ಮೀ. (ಮೂರೂವರೆ ಅಡಿ) ಆಳದಲ್ಲಿ ಇರಬೇಕು.
* ಇಂಟರ್ನೆಟ್ ಫೈಬರ್: ಗ್ರಾಮ ಪಂಚಾಯಿತಿಗಳಿಗೆ ಎಳೆದ ಭಾರತ್‌ನೆಟ್ ಕೇಬಲ್ಲಿಗೆ ನಿಗದಿಯಾದ ಆಳ 165 ಸೆಂ.ಮೀ., ಅಂದರೆ ಸುಮಾರು ಐದೂವರೆ ಅಡಿ. ಬಂಡೆ ಸಿಕ್ಕ ಕಡೆ ಇದಕ್ಕಿಂತ ಮೇಲೇ ಇರುತ್ತೆ. ಕಂಬದಿಂದ ಮನೆಗೆ ಎಳೆದ ತೆಳು ಕೇಬಲ್ ಅಂತೂ ಗೇಣುದ್ದ ಮಣ್ಣಿನಡಿ ಇರಬಹುದು.
* ಕುಡಿಯುವ ನೀರು: ಊರಿನ ಮೇನ್ ಪೈಪ್ ಸಾಮಾನ್ಯವಾಗಿ ಮೂರು ಅಡಿ ಆಸುಪಾಸು. ಮನೆ ನಲ್ಲಿಗೆ ಬರುವ ಸಣ್ಣ ಪೈಪ್ ಒಂದಡಿಯಲ್ಲೂ ಸಿಗುತ್ತೆ. ಕಪ್ಪು ಪೈಪಿನ ಮೇಲೆ ನೀಲಿ ಗೆರೆ ಇದ್ದರೆ ಅದು ನೀರಿನ ಎಚ್‌ಡಿಪಿಇ ಪೈಪ್.
* ಗ್ಯಾಸ್ ಮತ್ತು ತೈಲ: ದೊಡ್ಡ ಪೈಪ್‌ಲೈನ್ ಮೇಲೆ ಸಾಮಾನ್ಯವಾಗಿ ಒಂದು ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಣ್ಣು ಇರುತ್ತೆ.
* ನಮ್ಮದೇ ಲೈನ್‌ಗಳು: ಬೋರ್ ಕೇಬಲ್, ಕೊಟ್ಟಿಗೆಗೆ ಎಳೆದ ವೈರ್, ಗೋಬರ್ ಗ್ಯಾಸ್ ಪೈಪ್, ಬಚ್ಚಲು ನೀರಿನ ಪೈಪ್. ಇವಕ್ಕೆ ಯಾವ ಲೆಕ್ಕವೂ ಇಲ್ಲ. ಅವತ್ತು ಕೂಲಿಯವರು ಎಷ್ಟು ತೋಡಿದರೋ ಅಷ್ಟೇ.

ಆಳದ ಲೆಕ್ಕ ನಂಬಿ ಕೆಡಬೇಡಿ

ಮೇಲಿನದು ಲೈನ್ ಹಾಕಿದ ದಿನದ ಆಳ. ಇವತ್ತಿನ ಆಳ ಬೇರೆ ಇರಬಹುದು. ಹೊಲ ಲೆವೆಲ್ ಮಾಡಿಸಿದಾಗ ಒಂದು ಕಡೆಯಿಂದ ಒಂದಡಿ ಮಣ್ಣು ಹೋಗಿರುತ್ತೆ. ಇಳಿಜಾರಿನಲ್ಲಿ ಮಳೆಗೆ ಮೇಲ್ಮಣ್ಣು ಕೊಚ್ಚಿ ಹೋಗಿರುತ್ತೆ. ಕೆರೆ ಗೋಡು ಹೊಡೆಸಿದ ಕಡೆ ಲೈನ್ ಇನ್ನೂ ಕೆಳಗೆ ಹೋದ ಹಾಗಾಗುತ್ತೆ. ಹಾಗಾಗಿ "ಕೇಬಲ್ ಎರಡೂವರೆ ಅಡಿಗಿದೆ, ನಾವು ತೋಡೋದು ಎರಡೇ ಅಡಿ" ಅನ್ನೋ ಧೈರ್ಯ ಬೇಡ.

ಜೆಸಿಬಿ ಒಂದೇ ಅಲ್ಲ, ಸಬ್‌ಸಾಯ್ಲರ್ ಕೂಡ ಒಂದೂವರೆಯಿಂದ ಎರಡು ಅಡಿ ಇಳಿಯುತ್ತೆ. ಬೇಲಿ ಕಂಬಕ್ಕೆ ಗುಂಡಿ ತೆಗೆಯೋ ಆಗರ್, ಅರ್ಥಿಂಗ್ ರಾಡ್ ಬಡಿಯೋದು, ಹಾರೆಯಲ್ಲಿ ತೆಂಗಿನ ಗುಣಿ ತೆಗೆಯೋದು, ಎಲ್ಲಕ್ಕೂ ಇದೇ ಎಚ್ಚರ ಬೇಕು.

ತೋಡುವ ಮುನ್ನ ಯಾರನ್ನ ಕೇಳಬೇಕು?

ಮೊದಲು ಮನೆಯ ಹಿರಿಯರನ್ನ ಕೇಳಿ. ಯಾವ ಕಾಲದಲ್ಲಿ ಏನು ಹೂಳಿಸಿದ್ದು ಅನ್ನೋದು ಅವರ ತಲೆಯಲ್ಲಿ ಮಾತ್ರ ಇರುತ್ತೆ. ಆಮೇಲೆ ಊರಿನ ನೀರುಗಂಟಿ. ವಾಲ್ವ್ ಎಲ್ಲಿ, ಪೈಪ್ ಯಾವ ಬದಿ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಕಾಗದದಲ್ಲೂ ಇರಲ್ಲ. ಕರೆಂಟ್ ಕೇಬಲ್ಲಿಗೆ ನಿಮ್ಮ ಸೆಕ್ಷನ್ ಆಫೀಸ್ ಅಥವಾ ಲೈನ್‌ಮನ್.

ಮೊಬೈಲಲ್ಲಿ ಇನ್ನೊಂದು ದಾರಿ ಇದೆ. 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರ "ಕಾಲ್ ಬಿಫೋರ್ ಯು ಡಿಗ್" ಅನ್ನೋ ಆ್ಯಪ್ ಬಿಡುಗಡೆ ಮಾಡಿತು. ಬೇಕಾಬಿಟ್ಟಿ ಅಗೆತದಿಂದ ದೇಶಕ್ಕೆ ವರ್ಷಕ್ಕೆ ಸುಮಾರು 3,000 ಕೋಟಿ ರೂ. ನಷ್ಟ ಅಂತ ಸರ್ಕಾರವೇ ಆಗ ಹೇಳಿತ್ತು. ತೋಡುವ ಜಾಗ ಮತ್ತು ದಿನ ಹಾಕಿದರೆ, ಅಲ್ಲಿ ಲೈನ್ ಇರುವ ಸಂಸ್ಥೆಗಳಿಗೆ ಸೂಚನೆ ಹೋಗುತ್ತೆ. ಟೆಲಿಕಾಂ ಕೇಬಲ್ ಇರುವ ಕಡೆ ಹೀಗೆ ಮೊದಲೇ ತಿಳಿಸಬೇಕು ಅಂತ ನಿಯಮವೂ ಇದೆ. ಆದರೆ ಆ್ಯಪಿನಲ್ಲಿ ಸೇರಿಕೊಂಡ ಸಂಸ್ಥೆಗಳ ಲೈನ್ ಮಾತ್ರ ಅದಕ್ಕೆ ಗೊತ್ತು. ನಿಮ್ಮ ಅಪ್ಪ ಹೂಳಿಸಿದ ಕೇಬಲ್ ಅದರಲ್ಲಿ ಬರಲ್ಲ.

ಹೊಲದಲ್ಲಿ ಗ್ಯಾಸ್ ಅಥವಾ ತೈಲ ಪೈಪ್ ಹೋಗಿದ್ದರೆ ವಿಷಯ ಇನ್ನೂ ಗಂಭೀರ. ದಾಭೋಲ್–ಬೆಂಗಳೂರು ಗ್ಯಾಸ್ ಲೈನ್, ಮಂಗಳೂರು–ಹಾಸನ–ಬೆಂಗಳೂರು ತೈಲ ಲೈನ್ ನಮ್ಮ ರೈತರ ಹೊಲಗಳಲ್ಲೇ ಹಾದು ಹೋಗಿವೆ. 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಆ ಪಟ್ಟಿಯಲ್ಲಿ ಬೆಳೆ ಬೆಳೆಯಬಹುದು. ಮನೆ ಕಟ್ಟೋದು, ಬಾವಿ ಅಥವಾ ಕೆರೆ ತೋಡೋದು, ಮರ ನೆಡೋದು ಮಾಡುವಂತಿಲ್ಲ. ಕೃಷಿ ಹೊಂಡದ ಜಾಗ ಗುರುತಿಸುವಾಗ ಇದು ನೆನಪಿರಲಿ. ಬದುವಿನ ಮೇಲಿರುವ ಮಾರ್ಕರ್ ಬೋರ್ಡಿನಲ್ಲಿ ತುರ್ತು ನಂಬರ್ ಬರೆದಿರುತ್ತೆ. ಇವತ್ತೇ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಕೆಲಸ ಶುರುಮಾಡೋ ಮುಂಚೆ ಆ ನಂಬರಿಗೆ ಫೋನ್ ಮಾಡಿ.

ನೆಲವೇ ಸುಳಿವು ಕೊಡುತ್ತೆ

ಕೆಂಪು ಮಣ್ಣು ತೋಡುವಾಗ ನಡುವೆ ಮರಳು ಬಂತು ಅಂದ್ರೆ ಅಲ್ಲೇ ನಿಲ್ಲಿಸಿ. ಕೇಬಲ್ ಸುತ್ತ ಮರಳು ಹಾಸಿ, ಮೇಲೆ ಇಟ್ಟಿಗೆ ಅಥವಾ ಹೆಂಚು ಸಾಲಾಗಿ ಜೋಡಿಸೋದು ವಾಡಿಕೆ. ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಂಡರೂ ಅಷ್ಟೇ, ಕೆಳಗೆ ಲೈನ್ ಇದೆ ಅಂತಲೇ ಅರ್ಥ. ಸುತ್ತ ಮಣ್ಣು ಗಟ್ಟಿ ಇದ್ದು ಒಂದು ಪಟ್ಟೆಯಲ್ಲಿ ಮಾತ್ರ ಸಡಿಲವಾಗಿ, ಎರಡು ಬಣ್ಣ ಬೆರೆತಿದ್ದರೆ ಹಿಂದೆ ಯಾರೋ ಅಲ್ಲಿ ತೋಡಿ ಮುಚ್ಚಿದ್ದಾರೆ. ತುಕ್ಕು ಹಿಡಿದ ಕಬ್ಬಿಣದ ಪೈಪ್ ಸಿಕ್ಕರೆ ಹಳೇ ನೀರಿನ ಪೈಪ್ ಅಂದುಕೊಂಡು ಕೊಯ್ಯಬೇಡಿ. ಒಳಗೆ ಕೇಬಲ್ ಇರಬಹುದು.

ತೋಡುವ ಕ್ರಮ

1. ಲೈನ್ ಹೋಗಿರಬಹುದಾದ ದಾರಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯಿರಿ. ಎರಡೂ ಬದಿಗೆ ಎರಡೆರಡು ಅಡಿ ಬಿಟ್ಟು ಇನ್ನೆರಡು ಗೆರೆ ಹಾಕಿ. ಆ ಗೆರೆಗಳ ಒಳಗೆ ಮೆಷಿನ್ ಬೇಡ.
2. ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಸ್ಟಾರ್ಟರ್ ಆಟೋದಿಂದ ತೆಗೆಯಿರಿ. ಕರೆಂಟ್ ಹೋಗಿದೆ ಅಂದ್ರೆ ಆಫ್ ಆಗಿದೆ ಅಂತ ಅಲ್ಲ. ಕಂಬದಿಂದ ಮೀಟರಿಗೆ ಬರುವ ಕೇಬಲ್ ಇದರಿಂದ ಆಫ್ ಆಗಲ್ಲ, ಅದನ್ನು ಲೈನ್‌ಮನ್ ಮಾತ್ರ ಆಫ್ ಮಾಡಬೇಕು.
3. ಲೈನಿಗೆ ಅಡ್ಡವಾಗಿ ಒಂದು ಸಣ್ಣ ಗುಂಡಿ ಕೈಯಲ್ಲಿ ತೋಡಿ, ಲೈನ್ ಕಣ್ಣಿಗೆ ಬೀಳೋವರೆಗೆ. ಸ್ವಲ್ಪ ದೂರದಲ್ಲಿ ಇನ್ನೊಂದು ತೋಡಿ. ಎರಡೂ ಕಡೆ ಕಂಡಮೇಲೆ ದಾರಿ ಖಚಿತವಾಗುತ್ತೆ.
4. ಹಾರೆ, ಪಿಕಾಸಿ ದೂರ ಇಡಿ. ಸನಿಕೆಯಲ್ಲಿ ಪಕ್ಕದಿಂದ ಮಣ್ಣು ಕೆರೆದು ತೆಗೆಯಿರಿ. ಮೇಲಿನಿಂದ ಚುಚ್ಚಬೇಡಿ.
5. ಗುಂಡಿ ಐದು ಅಡಿ ದಾಟಿದರೆ ಬದಿ ಇಳಿಜಾರು ಮಾಡದೆ ಯಾರನ್ನೂ ಇಳಿಸಬೇಡಿ. ತೆಗೆದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಬೇಡಿ, ಕುಸಿಯುತ್ತೆ.

ತಾಗಿಯೇ ಬಿಟ್ಟರೆ?

ಕರೆಂಟ್ ಕೇಬಲ್ ತಾಗಿದರೆ ಆಪರೇಟರ್ ಕ್ಯಾಬಿನ್ನಿನಲ್ಲೇ ಕೂತಿರಬೇಕು. ಉಳಿದವರು ಕನಿಷ್ಠ 10 ಮೀಟರ್ ದೂರ ಸರಿಯಬೇಕು. ಮೆಷಿನ್ನಿಗೆ ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ನೆಲಕ್ಕೆ ಹಾರಬೇಕು. ಮೆಷಿನ್ ಮತ್ತು ನೆಲ ಎರಡನ್ನೂ ಒಟ್ಟಿಗೆ ಮುಟ್ಟಬಾರದು. ದಾಪುಗಾಲು ಹಾಕದೆ, ಕಾಲು ಜೋಡಿಸಿಕೊಂಡೇ ಕುಪ್ಪಳಿಸಿ ದೂರ ಹೋಗಬೇಕು. ಆಮೇಲೆ 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ 112.

ಗ್ಯಾಸ್ ಸೋರುವ ಸದ್ದು ಅಥವಾ ವಾಸನೆ ಬಂದರೆ ಮೆಷಿನ್ ಬಿಟ್ಟು, ಗಾಳಿ ಬೀಸಿ ಬರುತ್ತಿರುವ ದಿಕ್ಕಿನ ಕಡೆಗೆ ಓಡಿ. ಬೀಡಿ ಬೇಡ, ಸ್ವಿಚ್ ಬೇಡ, ಅಲ್ಲೇ ನಿಂತು ಫೋನ್ ಕೂಡ ಬೇಡ. ಮಣ್ಣು ಎಳೆದು ಮುಚ್ಚೋಕೆ ಹೋಗಬೇಡಿ. ದೂರ ಹೋಗಿ ಬೋರ್ಡಿನ ನಂಬರಿಗೆ ಮತ್ತು 112ಕ್ಕೆ ತಿಳಿಸಿ. ಪೈಪ್ ಬರೀ ಗೀರಿದ್ದರೂ ತಿಳಿಸಲೇಬೇಕು. ಮೇಲಿನ ಲೇಪನ ಕಿತ್ತ ಕಡೆ ತುಕ್ಕು ಹಿಡಿದು ಮುಂದೊಂದು ದಿನ ಸೋರುತ್ತೆ.

ಫೈಬರ್ ತುಂಡಾದರೆ ಅದರ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರ ಬೆಳಕು ಕಾಣಲ್ಲ, ಆದರೆ ಕಣ್ಣಿಗೆ ಅಪಾಯ. ನೀರಿನ ಪೈಪ್ ಒಡೆದರೆ ನೀರುಗಂಟಿಗೆ ಕೂಡಲೇ ಹೇಳಿ. ಸುಮ್ಮನೆ ಮಣ್ಣು ಮುಚ್ಚಿದರೆ ಕೊಚ್ಚೆ ನೀರು ಊರಿನವರ ಕೊಡಕ್ಕೆ ಹೋಗುತ್ತೆ.

ನಿಮ್ಮ ಮಕ್ಕಳಿಗೆ ಗೊತ್ತಾಗೋ ಹಾಗೆ ಹೂಳಿ

ಹೊಸ ಲೈನ್ ಹಾಕುವಾಗ ಕೇಬಲ್ಲನ್ನು ಪೈಪಿನೊಳಗೆ ಹಾಕಿ, ಎರಡೂವರೆ ಅಡಿಗೆ ಇಳಿಸಿ. ಒಂದಡಿ ಮಣ್ಣು ಮುಚ್ಚಿದ ಮೇಲೆ ಎಚ್ಚರಿಕೆ ಪಟ್ಟಿ ಹಾಸಿ. ಪ್ಲಾಸ್ಟಿಕ್ ಪೈಪ್ ಜೊತೆ ಒಂದು ತಾಮ್ರದ ವೈರ್ ಎಳೆದಿಟ್ಟರೆ ಮುಂದೆ ಲೊಕೇಟರ್ ಮೆಷಿನ್ನಿಗೆ ಸಿಗುತ್ತೆ, ಬರೀ ಪ್ಲಾಸ್ಟಿಕ್ ಸಿಗಲ್ಲ. ತಿರುವಿನಲ್ಲಿ ಒಂದೊಂದು ಕಲ್ಲು ನೆಡಿ.

ಮುಚ್ಚೋ ಮುಂಚೆ ಗುಂಡಿಯಲ್ಲಿ ಟೇಪ್ ಹಿಡಿದು ಫೋಟೋ ತೆಗೆಯಿರಿ. ಮನೆ ಮೂಲೆಯಿಂದ ಎಷ್ಟು ಅಡಿ, ತೆಂಗಿನ ಮರದಿಂದ ಎಷ್ಟು ಅಡಿ ಅಂತ ಬರೆದುಕೊಳ್ಳಿ. ಮೊಬೈಲಿನ ಲೊಕೇಶನ್ ಹತ್ತು ಹನ್ನೆರಡು ಅಡಿ ಆಚೀಚೆ ತೋರಿಸಬಹುದು, ಅದನ್ನಷ್ಟೇ ನಂಬಬೇಡಿ. ಎಲ್ಲವನ್ನೂ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ. ಒಂದು ನಕ್ಷೆ ಬರೆದು ಪಂಪ್‌ಹೌಸ್ ಬಾಗಿಲ ಒಳಗಡೆ ಅಂಟಿಸಿ.

ಕೇಬಲ್ ತುಂಡಾದ ಮಾರನೇ ದಿನ ನಾನು ಅಪ್ಪನ ಜೊತೆ ತೋಟ ಸುತ್ತಿದೆ. ಅವರು ಕೋಲಿನಲ್ಲಿ ತೋರಿಸುತ್ತ ಹೋದರು, ನಾನು ವಿಡಿಯೋ ಮಾಡಿದೆ. ಒಟ್ಟು ಏಳು ಲೈನ್. ನನಗೆ ಗೊತ್ತಿದ್ದದ್ದು ಎರಡು. ಈ ಭಾನುವಾರ ನೀವೂ ಅರ್ಧ ಗಂಟೆ ಬಿಡುವು ಮಾಡಿಕೊಂಡು ಮನೆಯ ಹಿರಿಯರ ಜೊತೆ ಒಂದು ಸುತ್ತು ಹಾಕಿ ಬನ್ನಿ.